ಗುರೆಳ್ಳು ಹಕ್ಕಿಗಳ ಕಪಾಟಿನಲ್ಲಿತ್ತು

ಚೀಲದ ಮೇಲೆ ಹಳದಿ ಹಕ್ಕಿಯ ಚಿತ್ರವಿತ್ತು. ಅದರ ಕೆಳಗೆ ಅಂಗೈ ಅಗಲದ ಪ್ಲಾಸ್ಟಿಕ್ ಕಿಂಡಿ, ಒಳಗಿನ ಮಾಲು ಗಿರಾಕಿಗೆ ಕಾಣಲಿ ಎಂದು ಬಿಟ್ಟದ್ದು. ಕಿಂಡಿಯಲ್ಲಿ ಕಂಡ ಕಾಳು ನೋಡಿ ನಿಂತುಬಿಟ್ಟೆ. ಸಣ್ಣ, ಉದ್ದನೆಯ, ಮಿರಮಿರ ಮಿಂಚುವ ಕರಿ ಕಾಳು. ನಲವತ್ತೊಂದು ವರ್ಷ ಸುರೇಬಾನದ ನಮ್ಮ ಕಿರಾಣಿ ಅಂಗಡಿಯಲ್ಲಿ ಅದನ್ನು ತೂಗಿ ಕೊಟ್ಟವನಿಗೆ ಗುರುತು ಹತ್ತದೇ ಇರುತ್ತದೆಯೇ?

"ಇದು ಗುರೆಳ್ಳಲ್ಲೇನವಾ?" ಎಂದು ಮಗಳನ್ನು ಕೇಳಿದೆ.

"ಹೌದಪ್ಪಾ. ಆದ್ರ ಇಲ್ಲಿ ಅದು ಹಕ್ಕೀದು," ಅಂದಳು.

ಅದು 2023ರ ಸೆಪ್ಟೆಂಬರ್. ಊರು ಓವರ್‌ಲ್ಯಾಂಡ್ ಪಾರ್ಕ್, ಅಮೆರಿಕದ ಕ್ಯಾನ್ಸಸ್ ರಾಜ್ಯ. ಮಗಳು, ಅಳಿಯ ಅಲ್ಲಿ ಇದ್ದಾರೆ. ಅಂಗಡಿಯನ್ನು ಮಗನ ಕೈಗೆ ಕೊಟ್ಟು ನಾನೂ ನನ್ನ ಹೆಂಡತಿಯೂ ಮೂರು ತಿಂಗಳ ಮಟ್ಟಿಗೆ ಹೋಗಿದ್ದೆವು. ಬೇರೆಯವರು ಪರದೇಶಕ್ಕೆ ಹೋದರೆ ಗುಡ್ಡ, ಜಲಪಾತ, ದೊಡ್ಡ ಕಟ್ಟಡ ನೋಡುತ್ತಾರೆ. ನಾನು ಕಿರಾಣಿಯವನು. ನನ್ನ ಕಣ್ಣು ಹೋಗುವುದೇ ಅಂಗಡಿಯ ಫಳಿಗಳ ಮೇಲೆ. ಯಾವ ಮಾಲು ಎಲ್ಲಿಟ್ಟಿದ್ದಾರೆ, ಎಷ್ಟು ತೂಕದ ಚೀಲ, ಯಾವುದು ಗಿರಾಕಿಯ ಕಣ್ಣಿನ ಎತ್ತರಕ್ಕೆ, ಯಾವುದು ಕಾಲಿನ ಹತ್ತಿರ, ಇದನ್ನೇ ನೋಡುತ್ತ ಸುತ್ತಿದೆ. ಅಳಿಯ ಪಾಪ, ಎರಡೆರಡು ತಾಸು ಗಾಡಿ ಹಿಡಿದು ನನ್ನ ಹಿಂದೆ ನಡೆದ.

ಗುರೆಳ್ಳಿನ ಮಾತಿಗೆ ಬರುತ್ತೇನೆ. ರಾಮದುರ್ಗ ತಾಲ್ಲೂಕಿನ ನಮ್ಮ ಕಡೆ ಗುರೆಳ್ಳ ಹಿಂಡಿಯ ಡಬ್ಬಿ ಇಲ್ಲದ ಅಡುಗೆಮನೆ ಸಿಗುವುದಿಲ್ಲ. ಕಾಳನ್ನು ಹದವಾಗಿ ಹುರಿದು, ಬೆಳ್ಳುಳ್ಳಿ, ಒಣಖಾರ, ಉಪ್ಪು, ಕರಿಬೇವು ಹಾಕಿ ಕುಟ್ಟಿದರೆ ಎಣ್ಣೆ ಬಿಟ್ಟು ಉಂಡೆಗಟ್ಟುವಂತಾಗುತ್ತದೆ. ಬಿಸಿ ರೊಟ್ಟಿ, ಮ್ಯಾಲೊಂದಿಷ್ಟು ಹಿಂಡಿ, ಕೆನೆಮೊಸರು. ಹೊಲಕ್ಕೆ ಹೋಗುವವನ ಬುತ್ತಿಯಲ್ಲೂ ಅದೇ, ಮದುವೆಯ ಎಣ್ಣೆಗಾಯಿ ಪಲ್ಯದಲ್ಲೂ ಅದೇ. ಅಂಥ ಕಾಳು ಅಮೆರಿಕದಲ್ಲಿ ನಾಯಿ ಬೆಕ್ಕಿನ ತಿನಿಸಿನ ಸಾಲಿನ ಕೊನೆಯಲ್ಲಿ, ಹಕ್ಕಿಕಾಳಿನ ಫಳಿಯಲ್ಲಿ ಕೂತಿತ್ತು. ಗೋಲ್ಡ್‌ಫಿಂಚ್ ಎನ್ನುವ ಪುಟ್ಟ ಹಳದಿ ಹಕ್ಕಿಗೆ ಅದು ಬಲು ಇಷ್ಟವಂತೆ. ಅಲ್ಲಿಯ ಜನ ಹಿತ್ತಿಲಲ್ಲಿ ಸಣ್ಣ ತೂತಿನ ಕೊಳವೆ ತೂಗುಹಾಕಿ ಅದರಲ್ಲಿ ಗುರೆಳ್ಳು ತುಂಬುತ್ತಾರೆ. ಪಕ್ಕದ ಚೀಲ ನೋಡಿದರೆ ಬಿಳಿ ಕುಸುಬಿ! ಅದು ಕಾರ್ಡಿನಲ್ ಎಂಬ ಕೆಂಪು ಹಕ್ಕಿಗೆ. ನಮ್ಮ ತಂದೆಯ ಕಾಲದಲ್ಲಿ ಊರಿಗೆಲ್ಲ ಅಡುಗೆ ಎಣ್ಣೆ ಎಂದರೆ ಗಾಣದ ಕುಸುಬಿ ಎಣ್ಣೆಯೇ ಆಗಿತ್ತು.

ಆ ಗುರೆಳ್ಳನ್ನು ಅಮೆರಿಕ ತರಿಸಿಕೊಳ್ಳುವುದು ಹೆಚ್ಚಾಗಿ ಭಾರತ, ಇಥಿಯೋಪಿಯ, ಮ್ಯಾನ್ಮಾರ್ ಕಡೆಯಿಂದ. ಆದರೆ ಹಾಗೇ ಒಳಗೆ ಬಿಡುವುದಿಲ್ಲ. ಗುರೆಳ್ಳಿನ ಜೊತೆ ಕಸ್ಕ್ಯುಟಾ ಎಂಬ ಬೇರಿಲ್ಲದ, ಹಳದಿ ದಾರದಂಥ ಬಳ್ಳಿಯ ಬೀಜ ಬೆರೆತು ಬರುತ್ತದೆ. ಬೇರೆ ಗಿಡಕ್ಕೆ ಸುತ್ತಿಕೊಂಡು ಅದರ ರಸ ಹೀರಿ ಬದುಕುವ ಬಳ್ಳಿ ಅದು. ಹೀಗಾಗಿ ಬಂದ ಕಾಳನ್ನೆಲ್ಲ ಬಿಸಿಗೆ ಹಿಡಿದು ಮೊಳಕೆಯ ಶಕ್ತಿ ಕೊಂದ ಮೇಲೆಯೇ ಮಾರಾಟ. ನೈಜರ್ ಎಂಬ ಇಂಗ್ಲಿಷ್ ಹೆಸರನ್ನು ಕೆಟ್ಟ ಅರ್ಥ ಬರುವಂತೆ ಉಚ್ಚರಿಸಬಾರದೆಂದು ಅಲ್ಲಿಯ ಹಕ್ಕಿಕಾಳು ವ್ಯಾಪಾರಿಗಳ ಸಂಘ 1998ರಲ್ಲಿ ಬೇರೆ ಕಾಗುಣಿತದ ಹೆಸರನ್ನು ನೋಂದಾಯಿಸಿಕೊಂಡಿತು. ಚೀಲದ ಮೇಲೆ ಇದ್ದದ್ದು ಆ ಹೊಸ ಹೆಸರೇ. ಇಷ್ಟೆಲ್ಲ ಜತನ ಒಂದು ಹಕ್ಕಿಯ ಕಾಳಿಗೆ! ನನಗೆ ಅದರಲ್ಲಿ ಬೇಜಾರೇನೂ ಆಗಲಿಲ್ಲ. ಹಕ್ಕಿಗೆಂದು ದುಡ್ಡು ಕೊಟ್ಟು ಕಾಳು ಒಯ್ಯುವ ಜನ ಒಳ್ಳೆಯವರೇ. ಆದರೆ ಅಂದಿನಿಂದ ನನಗೊಂದು ಹುಡುಕಾಟ ಹತ್ತಿತು. ನಮ್ಮ ಅಂಗಡಿಯ ಒಂದೊಂದು ಮಾಲೂ ಇಲ್ಲಿ ಯಾವ ಫಳಿಯ ಮೇಲಿದೆ?

ಜೋಳ ಸಿಕ್ಕದ್ದು ಇನ್ನೂ ವಿಚಿತ್ರ ಜಾಗದಲ್ಲಿ. ಹಿಟ್ಟುಗಳ ಸಾಲಿನಲ್ಲಿ ಒಂದು ಸಣ್ಣ ವಿಭಾಗ, ಗೋಧಿಯ ಗ್ಲೂಟೆನ್ ಅಂಟು ಒಗ್ಗದವರಿಗೆಂದು. ಅಲ್ಲಿ 22 ಔನ್ಸಿನ ಪುಟ್ಟ ಚೀಲ, ಅಂದರೆ 624 ಗ್ರಾಂ ಜೋಳದ ಹಿಟ್ಟು. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ನಮ್ಮಲ್ಲಿ ಆರೇಳು ಕೆ.ಜಿ. ಬಿಳಿಜೋಳ ಬರುತ್ತಿತ್ತು. ನನ್ನಾಕಿ ಅದನ್ನು ಕೈಯಲ್ಲಿ ಹಿಡಿದು, ಬೆರಳಿನ ನಡುವೆ ತಿಕ್ಕಿ ನೋಡಿ, "ಹಿಟ್ಟು ನುಣ್ಣಗೈತಿ, ಆದ್ರ ಜಿಗಿ ಇರೂದಿಲ್ಲ ನೋಡ್ರಿ" ಎಂದಳು. ಮನೆಗೆ ಬಂದು ಎಸರು ಕಾಯಿಸಿದಳು.

ಜೋಳದ ರೊಟ್ಟಿಗೆ ಕುದಿವ ನೀರೇ ಯಾಕೆ ಬೇಕೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೋಧಿ ಹಿಟ್ಟಿನಲ್ಲಿ ಗ್ಲೂಟೆನ್ ಇರುತ್ತದೆ, ತಣ್ಣೀರಿನಲ್ಲಿ ನಾದಿದರೂ ರಬ್ಬರಿನಂತೆ ಹಿಗ್ಗುತ್ತದೆ. ಜೋಳದಲ್ಲಿ ಅದು ಇಲ್ಲವೇ ಇಲ್ಲ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಗಂಜಿಯಂತೆ ಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ಹಿಟ್ಟು ಹಳತಾದರೆ ಆ ಹಿಡಿತ ಸಡಿಲ. ಜೊತೆಗೆ ಕಾಳಿನ ಕಣ್ಣಿನಲ್ಲಿರುವ ಜಿಡ್ಡು ಕೆಟ್ಟು ಕಹಿಯೂ ಬರುತ್ತದೆ. ಅದಕ್ಕೇ ನಮ್ಮೂರ ಹೆಣ್ಣುಮಕ್ಕಳು ತಿಂಗಳ ಜೋಳ ಒಮ್ಮೆ ಒಯ್ದರೂ ಹಿಟ್ಟನ್ನು ವಾರ ಎಂಟು ದಿನಕ್ಕಾಗುವಷ್ಟೇ ಗಿರಣಿಯಲ್ಲಿ ಬೀಸಿಸುತ್ತಾರೆ. ಅಮೆರಿಕದ ಚೀಲದ ಮೇಲಿನ ತಾರೀಖು ಮುಂದಿನ ವರ್ಷದ್ದಿತ್ತು. ಎಂದು ಬೀಸಿದ್ದೋ ಯಾರಿಗೆ ಗೊತ್ತು. ನನ್ನಾಕಿ ನಾದಿ ನಾದಿ ಸಾಕಾಗಿ ಬಡಿಯಲು ಕೂತಳು. ಎರಡು ಅಂಗೈಯಗಲ ಆಗುವಷ್ಟರಲ್ಲಿ ಅಂಚು ಬಿರಿಯಿತು. ಬೆರಳು ತೋಯಿಸಿ ಬಿರಿದದ್ದನ್ನು ಕೂಡಿಸಿದಳು, ಇನ್ನೊಂದು ಕಡೆ ಬಿರಿಯಿತು. ಹಂಚಿಗೆ ಹಾಕುವಾಗ ಮೂರು ತುಂಡಾಯಿತು. ಆ ತುಂಡುಗಳನ್ನೇ ಬೇಯಿಸಿ, ಊರಿಂದ ಒಯ್ದ ಗುರೆಳ್ಳ ಹಿಂಡಿ ಹಚ್ಚಿಕೊಂಡು ನಾಲ್ವರೂ ಉಂಡೆವು. ರುಚಿ ಜೋಳದ್ದೇ. ಮಗಳ ಕಣ್ಣಲ್ಲಿ ನೀರು ಬಂತು.

ಅಂಗಡಿಯಲ್ಲಿ ಅಷ್ಟು ತುಟ್ಟಿಯಾದ ಜೋಳ ಆ ರಾಜ್ಯದಲ್ಲಿ ಅಪರೂಪದ್ದೇನೂ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ದೇಶ ಅಮೆರಿಕ, ಅಮೆರಿಕದ ಬೆಳೆಯಲ್ಲಿ ಅರ್ಧದಷ್ಟು ಕ್ಯಾನ್ಸಸ್‌ನದು. ಇದು ತಿಳಿದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಅಕ್ಟೋಬರಿನಲ್ಲಿ ಒಂದು ಶನಿವಾರ ಅಳಿಯ ಪಶ್ಚಿಮದ ಕಡೆ ಕಾರು ಹೊರಡಿಸಿದ. ನಾಲ್ಕು ತಾಸು ಹೋದ ಮೇಲೆ ರಸ್ತೆಯ ಎರಡೂ ಬದಿ ಇಟ್ಟಂಗಿ ಬಣ್ಣದ ತೆನೆಗಳ ಕಡಲು. ಇಳಿದು ನೋಡಿದರೆ ಗಿಡ ನನ್ನ ಸೊಂಟದವರೆಗೂ ಇಲ್ಲ. ಯಂತ್ರ ಒಂದೇ ಸಮ ಕೊಯ್ದು ಹೋಗಲಿ ಎಂದು ಅಲ್ಲಿಯ ತಳಿಗಾರರು ಜೋಳವನ್ನು ಗಿಡ್ಡ ಮಾಡಿದ್ದಾರೆ. ನಮ್ಮ ಹಿಂಗಾರಿಯ ಮಾಲದಂಡಿ, 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ತೆಗೆದ ಎಂ 35-1, ಆಳೆತ್ತರ ದಾಟಿ ನಿಲ್ಲುತ್ತದೆ. ಕಾಳು ಮನುಷ್ಯನಿಗೆ, ಕಣಿಕಿ ಎತ್ತಿಗೆ. ಕಣಿಕಿಯ ಬೆಲೆ ಬಿಟ್ಟರೆ ನಮ್ಮ ರೈತನ ಜೋಳದ ಲೆಕ್ಕ ಕೂಡುವುದೇ ಇಲ್ಲ. ಅವರಿಗೆ ಕಣಿಕಿ ಬೇಡ, ನಮಗೆ ಅದಿಲ್ಲದೆ ನಡೆಯದು. ಗಿಡದ ಎತ್ತರದಲ್ಲೇ ಎರಡು ದೇಶದ ಒಕ್ಕಲುತನ ಕಾಣುತ್ತಿತ್ತು.

ಹೊಲದ ಅಂಚಿನಲ್ಲಿ ಲಾರಿಗೆ ಕಾಳು ತುಂಬಿಸುತ್ತಿದ್ದ ಹಿರಿಯ ರೈತರೊಬ್ಬರು ನಮ್ಮನ್ನು ಕಂಡು ಬಂದರು. ಅಳಿಯ ನಡುವೆ ನಿಂತು ಮಾತು ದಾಟಿಸಿದ. ಅವರ ಬೆಳೆ ದನಗಳ ಮೇವಿಗೆ, ಎಥೆನಾಲ್ ಕಾರ್ಖಾನೆಗೆ, ಹಡಗು ಹತ್ತಿ ಚೀನಾಕ್ಕೆ. ನಾವು ದಿನಾ ಎರಡು ಹೊತ್ತು ಇದನ್ನೇ ಉಣ್ಣುತ್ತೇವೆ ಎಂದಾಗ ಅವರು ಒಂದು ತೆನೆ ಮುರಿದು, ಅಂಗೈಯಲ್ಲಿ ತಿಕ್ಕಿ, ಊದಿ, ಕಾಳನ್ನು ನನ್ನ ಕೈಗೆ ಸುರಿದರು. ನಾನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಅವರೂ ಹಾಕಿಕೊಂಡರು. ನಲವತ್ತು ಬೆಳೆ ತೆಗೆದಿದ್ದೇನೆ, ಬಾಯಿಗೆ ಹಾಕಿದ್ದು ಇದೇ ಮೊದಲು ಅಂದರಂತೆ.

ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಅಮೆರಿಕದ ಮೂಲದ ಮುಸುಕಿನ ಜೋಳಕ್ಕೆ ನಾವು ಇಟ್ಟ ಹೆಸರು ಗೋವಿನಜೋಳ. ದನದ ಪಾಲಿನ ಜೋಳವೆಂದು ಹೆಸರಲ್ಲೇ ಬರೆದಿಟ್ಟೆವು. ಅಲ್ಲಿ ಅದೇ ಗೋವಿನಜೋಳ ಹಿಟ್ಟಾಗಿ, ರೊಟ್ಟಿಯಾಗಿ, ಎಣ್ಣೆಯಾಗಿ, ಸಕ್ಕರೆ ಪಾಕವಾಗಿ ಅಂಗಡಿಯ ತುಂಬ ಇದೆ, ನಮ್ಮ ಜೋಳ ದನದ ಕೊಟ್ಟಿಗೆಗೆ ಹೋಗಿದೆ.

ಅಗಸಿಯ ಜಾಗ ಬೇಗ ಸಿಕ್ಕಿತು. ಆರೋಗ್ಯದ ವಸ್ತುಗಳ ಸಾಲಿನಲ್ಲಿ, ಬಂಗಾರದ ಅಕ್ಷರದ ಚೀಲದಲ್ಲಿ, ಪುಡಿಯಾಗಿ ಕೂತಿತ್ತು. ಜವೆಗೋಧಿ ಇದ್ದದ್ದು ಇಟಲಿಯ ಪದಾರ್ಥಗಳ ಕಪಾಟಿನಲ್ಲಿ, ಫಾರೊ ಎಂಬ ಹೆಸರಿನಿಂದ. ನಾವು ಕಪ್ಲಿ ಎನ್ನುತ್ತೇವಲ್ಲ, ಜಾತ್ರೆಯ ಹುಗ್ಗಿಗೆ, ಮಾದಲಿಗೆ ಅದೇ ಆಗಬೇಕೆಂದು ಮುದುಕಿಯರು ಹಟ ಹಿಡಿಯುವ ಆ ಕೆಂಪು ಗೋಧಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂದೆಲ್ಲ ಅದರ ತಳಿಗಳನ್ನು ಕೊಟ್ಟಿದೆ. ಆದರೂ ನಮ್ಮ ಅಂಗಡಿಯಲ್ಲಿ ಅದನ್ನು ಕೇಳುವವರು ವರ್ಷಕ್ಕೆ ಹತ್ತು ಮಂದಿ. ಅಲ್ಲಿ ಅದನ್ನು ಕಣ್ಣಿನ ಎತ್ತರದ ಫಳಿಯಲ್ಲಿ ಇಟ್ಟಿದ್ದರು. ಕಣ್ಣಿನ ಎತ್ತರದ ಫಳಿ ಎಂದರೆ ಏನೆಂದು ಅಂಗಡಿಕಾರರಿಗೆ ಹೇಳಬೇಕಾಗಿಲ್ಲ.

ಮೆಕ್ಸಿಕೊದವರ ಸಾಲಿಗೆ ಬಂದಾಗ ನನ್ನಾಕಿಗೆ ಊರಿಗೆ ಬಂದಂತಾಯಿತು. ಒಣಮೆಣಸಿನಕಾಯಿಯ ಚೀಲಗಳು ಸಾಲಾಗಿ ತೂಗಿದ್ದವು. ಅದರಲ್ಲಿ ಗ್ವಾಹಿಯೊ ಎಂಬ ಒಂದು ಜಾತಿ ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಮೆಣಸಿನಕಾಯಿ ಆ ಕಡೆಯದೇ ತಾನೆ, ಪೋರ್ಚುಗೀಸರ ಹಡಗಿನಲ್ಲಿ ನಮಗೆ ಬಂದದ್ದು. ಕೆಳಗಿನ ಫಳಿಯಲ್ಲಿ ಪಿಲೊನ್ಸಿಯೊ. ಮುಟ್ಟಿ, ಮೂಸಿ ನೋಡಿದರೆ ಅಪ್ಪಟ ಬೆಲ್ಲ, ಪುಟ್ಟ ಗೋಪುರದ ಆಕಾರದ ಅಚ್ಚು. ನಮ್ಮ ಪೆಂಟಿಯ ತಮ್ಮ ಎನ್ನಬಹುದು. ಅಂದಿನಿಂದ ಮೂರು ತಿಂಗಳೂ ಮಗಳ ಮನೆಯ ಹೋಳಿಗೆ ಆ ಬೆಲ್ಲದ್ದೇ. ಕೊರಿಯಾದವರ ಅಂಗಡಿಯಲ್ಲಿ ಒಣಗಿದ ಬಾರಿಹಣ್ಣು ಕಂಡೆವು. ನಮ್ಮ ಕಾಡುಬಾರಿಗಿಂತ ದೊಡ್ಡದು, ಖರ್ಜೂರದ ಹಾಗೆ ಸುಕ್ಕು, ಆದರೆ ಅದೇ ಕುಲ. ಸುರೇಬಾನದ ಮಗ್ಗುಲಲ್ಲೇ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದು, ಕಚ್ಚಿ ನೋಡಿ ಸಿಹಿಯಾದ ಬಾರಿಹಣ್ಣು ಕೊಟ್ಟ ಜಾಗ ಅದೇ ಎಂದು ನಂಬಿಕೊಂಡು ಬಂದ ಜನ ನಾವು. ನನ್ನಾಕಿ ಆ ಚೀಲವನ್ನು ಕಣ್ಣಿಗೆ ಒತ್ತಿಕೊಂಡು ಗಾಡಿಗೆ ಹಾಕಿದಳು.

ಇನ್ನು ತೂಕದ ಮಾತು. ಅಮೆರಿಕದವರು ಇಂದಿಗೂ ಪೌಂಡ್, ಔನ್ಸ್, ಗ್ಯಾಲನ್ ಬಿಟ್ಟಿಲ್ಲ. ನಮ್ಮ ತಂದೆ ಸೇರು, ಪಾವು, ಚಟಾಕು ಬಿಟ್ಟು ಕಿಲೋಗೆ ಹೊರಳಿದ್ದು 1960ರ ಸುಮಾರಿಗೆ. ಹಳೆಯ ಕಲ್ಲುಗಳು ಈಗಲೂ ಅಟ್ಟದ ಮೇಲಿವೆ. ಅದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಪೊಟ್ಟಣಗಳ ಗಾತ್ರ. ಹಾಲು ಗ್ಯಾಲನ್ ಡಬ್ಬದಲ್ಲಿ, ಸುಮಾರು 3.8 ಲೀಟರ್. ಮೈದಾ ಐದು ಪೌಂಡ್, ಎಂದರೆ ಎರಡೂಕಾಲು ಕಿಲೋ. ಸಣ್ಣದು ಕಣ್ಣಿಗೆ ಬೀಳುವುದೇ ಕಡಿಮೆ. ನಮ್ಮ ಅಂಗಡಿಯಲ್ಲಿ ಹಗ್ಗದ ಹಾಗೆ ಇಳಿಬಿಟ್ಟ ಪಾಕೀಟುಗಳ ಮಾಲೆ ನೋಡಿದ್ದೀರಿ: ಒಂದು ರೂಪಾಯಿಯ ಶಾಂಪೂ, ಐದು ರೂಪಾಯಿಯ ಬಿಸ್ಕೀಟು, ಹತ್ತು ರೂಪಾಯಿಯ ಚಾಪುಡಿ. ಇದಕ್ಕೆ ಕಾರಣ ಪಗಾರ. ನಮ್ಮ ಗಿರಾಕಿಯಲ್ಲಿ ಅರ್ಧಕ್ಕರ್ಧ ಮಂದಿಗೆ ಸಂಜೆ ಕೈಗೆ ಬರುವುದು ಅಂದಿನ ಕೂಲಿ. ಅಂದಿನ ಎಣ್ಣೆ, ಅಂದಿನ ಬೆಲ್ಲ ಅಂದೇ ಒಯ್ಯುತ್ತಾರೆ. ಅಲ್ಲಿ ಹದಿನೈದು ದಿನಕ್ಕೊಮ್ಮೆ ಬ್ಯಾಂಕಿಗೆ ಪಗಾರ ಬೀಳುತ್ತದೆ, ಮನೆಮುಂದೆ ಕಾರು ಇದೆ, ಮನೆಯೊಳಗೆ ಆಳೆತ್ತರದ ಫ್ರಿಜ್ ಇದೆ. ವಾರದ ಸಾಮಾನು ಒಮ್ಮೆಲೇ ಬರುತ್ತದೆ. ಸಣ್ಣ ಪಾಕೀಟು ಲೆಕ್ಕ ಹಾಕಿದರೆ ಕಿಲೋಗೆ ತುಟ್ಟಿಯೇ ಬೀಳುತ್ತದೆ, ಇದು ನನಗೆ ನಲವತ್ತು ವರ್ಷದಿಂದ ಗೊತ್ತು. ಕೂಲಿಯಾಕಿ ಹೆಚ್ಚಿಗೆ ಕೊಟ್ಟು ಕಡಿಮೆ ಒಯ್ಯುತ್ತಾಳೆ. ಆಕೆಗೆ ಉದ್ರಿ ಬರೆದುಕೊಂಡು ಕಾಲು ಕಿಲೋ, ಅರ್ಧ ಕಿಲೋ ಬಿಡಿಯಾಗಿ ತೂಗಿ ಕೊಡುವ ಅಂಗಡಿ ಇರಬೇಕೆಂದು ನಾನು ಇಂದಿಗೂ ಹೇಳುತ್ತೇನೆ.

ಬೆಲೆ ಎಲ್ಲಿದೆ ಎಂದು ಹುಡುಕಿದೆ, ಪೊಟ್ಟಣದ ಮೇಲೆ ಬೆಲೆಯೇ ಇರಲಿಲ್ಲ. ಫಳಿಯ ಅಂಚಿನಲ್ಲಿ ಚೀಟಿ ಇತ್ತು, ಅದೂ ಅಂಗಡಿಯಿಂದ ಅಂಗಡಿಗೆ ಬೇರೆ. ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಪ್ರತಿ ಪೊಟ್ಟಣದ ಮೇಲೆ ಒತ್ತಬೇಕೆಂಬ ನಿಯಮ ನಮ್ಮಲ್ಲಿ 1990ರಿಂದ ಇದೆ. ಅದು ಜಗತ್ತಿನ ಎಲ್ಲ ಕಡೆ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಚೀಟಿಯ ಬೆಲೆ ಕೂಡಿಸಿ ದುಡ್ಡು ಎಣಿಸಿಟ್ಟುಕೊಂಡರೆ ಗಲ್ಲೆಯ ಹತ್ತಿರ ಹೆಚ್ಚು ಕೇಳುತ್ತಾರೆ, ತೆರಿಗೆ ಕೂಡುವುದು ಅಲ್ಲಿಯೇ. ಕ್ಯಾನ್ಸಸ್‌ನಲ್ಲಿ ಆಹಾರ ಸಾಮಾನಿನ ಮೇಲೂ ರಾಜ್ಯದ ತೆರಿಗೆ ಶೇ 6.5 ಇತ್ತು. 2023ರಲ್ಲಿ ಅದನ್ನು 4ಕ್ಕೆ ಇಳಿಸಿದ್ದರು, 2024ಕ್ಕೆ 2, 2025ರ ಜನವರಿಯಿಂದ ಸೊನ್ನೆ. ಇದನ್ನು ಓದಿದಾಗ ನನಗೆ ನೆನಪಾದದ್ದು 2022ರ ಜುಲೈ 18. ಚೀಲ ಕಟ್ಟಿ ಹೆಸರು ಹಚ್ಚಿದ 25 ಕಿಲೋ ತನಕದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂದ ದಿನ ಅದು. ಬಿಡಿ ಕಾಳಿಗೆ ಇರಲಿಲ್ಲ. ಅವರು ಇಳಿಸುತ್ತಿದ್ದ ಹೊತ್ತಿಗೆ ನಾವು ಹೊಸದಾಗಿ ಹಾಕಿದೆವು.

ಇನ್ನೊಂದು ನಮ್ಮಲ್ಲಿದ್ದು ಅಲ್ಲಿ ಇಲ್ಲದ್ದು ಹಸಿರು ಚುಕ್ಕೆ. ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು ಗುರುತು. ಅಕ್ಷರ ಬಾರದ ಮುದುಕಿಯೂ ನೋಡಿ ತಿಳಿಯುತ್ತಾಳೆ. ಆ ಒಂದು ಚುಕ್ಕೆಯ ಬೆಲೆ ಅಮೆರಿಕದಲ್ಲಿ ಗೊತ್ತಾಯಿತು. ಮಾಂಸ ಮುಟ್ಟದ ನಮ್ಮಂಥವರು ಒಂದೊಂದು ಪೊಟ್ಟಣದ ಬೆನ್ನು ಓದಬೇಕು. ಹಣ್ಣಿನ ಮೊಸರಿನಲ್ಲಿ ಜೆಲಾಟಿನ್ ಇರಬಹುದು, ಅದು ಪ್ರಾಣಿಯ ಎಲುಬು ಚರ್ಮದ್ದು. ಡಬ್ಬಿಯ ಬೆಂದ ಕಾಳಿನಲ್ಲಿ ಹಂದಿಯ ಕೊಬ್ಬು, ತರಕಾರಿ ಸಾರಿನಲ್ಲಿ ಕೋಳಿಯ ರಸ, ಚೀಸಿನಲ್ಲಿ ಕರುವಿನ ಹೊಟ್ಟೆಯ ರೆನೆಟ್. ಮಗಳು ಈ ಹೆಸರುಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಕನ್ನಡದಲ್ಲಿ ಬರೆದು ಅಂಟಿಸಿದ್ದಾಳೆ. ಹೋಗುವವರು ಅಂಥದೊಂದು ಪಟ್ಟಿ ಬರೆದುಕೊಂಡೇ ಹೋಗಿರಿ. ಹೆಸರು ನೋಡಿ ಮೋಸ ಹೋಗಬಾರದ ಇನ್ನೊಂದು ಎಂದರೆ ಮಜ್ಜಿಗೆ. ಬಟರ್‌ಮಿಲ್ಕ್ ಎಂದು ಬರೆದ ಡಬ್ಬ ತಂದೆವು, ಬಗ್ಗಿಸಿದರೆ ಗಟ್ಟಿ ಹುಳಿ ಮೊಸರು. ಬೆಣ್ಣೆ ಕಡೆದು ಉಳಿದದ್ದಲ್ಲ ಅದು, ಹಾಲಿಗೆ ಹೆಪ್ಪು ಹಾಕಿ ಕಟ್ಟಿದ್ದು, ಅವರು ಅದರಲ್ಲಿ ದೋಸೆಯಂಥದ್ದು ಮಾಡುತ್ತಾರೆ.

ಊರಿಂದ ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯುವಂತಿಲ್ಲ. ಕರಿಬೇವಿನ ಎಲೆಯಲ್ಲಿ ಕೂರುವ ಒಂದು ಸಣ್ಣ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ವಾಸಿಯಾಗದ ರೋಗ ಹರಡುತ್ತದೆ. ಅದಕ್ಕಾಗಿ ಹಸಿ ಎಲೆಗೆ ತಡೆ. ನಮ್ಮ ಹಿತ್ತಿಲಲ್ಲಿ ಪುಕ್ಕಟೆ ಉದುರುವ ಎಲೆ ಅಲ್ಲಿಯ ಭಾರತೀಯ ಅಂಗಡಿಯಲ್ಲಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ದುಡ್ಡಿಗೆ ಸಿಗುತ್ತದೆ.

ಬರುವಾಗ ಜರ್ಮನಿಯಲ್ಲಿ ಅಣ್ಣನ ಮಗನ ಮನೆಯಲ್ಲಿ ಹತ್ತು ದಿನ ಇದ್ದೆವು. ನನ್ನ ಅಂಗಡಿಯಲ್ಲಿ ತತ್ತಿ ಇಡುವುದಿಲ್ಲ, ಆದರೂ ಇದನ್ನು ಹೇಳಬೇಕು. ಅಮೆರಿಕದಲ್ಲಿ ತತ್ತಿ ಫ್ರಿಜ್ಜಿನಲ್ಲೇ ಇರಬೇಕು, ಜರ್ಮನಿಯಲ್ಲಿ ಹೊರಗೇ ಇಡುತ್ತಾರೆ. ಅಮೆರಿಕದಲ್ಲಿ ತತ್ತಿಯನ್ನು ತೊಳೆಯುತ್ತಾರೆ, ತೊಳೆದಾಗ ಚಿಪ್ಪಿನ ಮೇಲಿನ ಕಾಪಿನ ಪದರ ಹೋಗುತ್ತದೆ, ತಂಪಿನಲ್ಲಿ ಇಡಲೇಬೇಕು. ಯುರೋಪಿನಲ್ಲಿ ತೊಳೆಯಲು ಬಿಡುವುದಿಲ್ಲ. ಪ್ರತಿ ತತ್ತಿಯ ಮೇಲೆ ಅಂಕಿ ಒತ್ತಿರುತ್ತಾರೆ, ಮೊದಲ ಅಂಕಿ 3 ಇದ್ದರೆ ಪಂಜರದ ಕೋಳಿ, 1 ಇದ್ದರೆ ಹೊರಗೆ ತಿರುಗಾಡಿದ ಕೋಳಿ. ಹಾಲಿನ ಪೊಟ್ಟಣವೂ ಫ್ರಿಜ್ಜಿನ ಹೊರಗೆ, ನಮ್ಮ ನಂದಿನಿಯ ಗುಡ್‌ಲೈಫ್ ಇದ್ದಂತೆ ಅತಿ ಬಿಸಿಯಲ್ಲಿ ಕಾಯಿಸಿ ಮುಚ್ಚಿದ್ದು. ಭಾನುವಾರ ಅಂಗಡಿಗಳಿಗೆ ಬೀಗ. ಖಾಲಿ ಬಾಟಲಿ ವಾಪಸು ಕೊಟ್ಟರೆ 25 ಸೆಂಟ್ ಕೈಗೆ.

ಬ್ರೆಡ್ಡಿನ ಮೇಲೆ, ಕೇಕಿನ ಒಳಗೆ ದಪ್ಪನೆಯ ಪದರಾಗಿ ಕಪ್ಪು ಗಸಗಸೆ ನೋಡಿ ನನ್ನ ಎದೆ ಝಲ್ಲೆಂದಿತು. ಯಾಕೆಂದರೆ ಕೆಲವು ವರ್ಷದ ಹಿಂದೆ ನಮ್ಮೂರ ಹುಡುಗನೊಬ್ಬ ದುಬೈಗೆ ಕೆಲಸಕ್ಕೆ ಹೊರಟಾಗ ಅವನ ತಾಯಿ ಮಸಾಲೆ ಸಾಮಾನಿನ ಪಟ್ಟಿ ತಂದಿದ್ದಳು, ಅದರಲ್ಲಿ ಗಸಗಸೆ ಇತ್ತು. ನಾನು ಅದನ್ನು ಹೊಡೆದುಹಾಕಿದೆ. ಗಸಗಸೆ ಬರುವುದು ಅಫೀಮಿನ ಗಿಡದಿಂದ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ, ಸಿಂಗಪುರಗಳಲ್ಲಿ ಅದು ನಿಷಿದ್ಧ ವಸ್ತು. ಪಾಯಸದ ಒಂದು ಹಿಡಿ ಗಸಗಸೆಗೆ ಹುಡುಗ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಮಕ್ಕಳನ್ನು ಕಳಿಸುವ ತಾಯಂದಿರು ಇದನ್ನು ಮರೆಯಬಾರದು.

ಕ್ಯಾನ್ಸಸ್‌ನ ಒಂದು ಅಂಗಡಿಯ ಮಾತು ಬಿಟ್ಟಿದ್ದೆ. ಇಥಿಯೋಪಿಯದವರೊಬ್ಬರ ಸಣ್ಣ ಕಿರಾಣಿ, ನಮ್ಮದರಷ್ಟೇ ಅಗಲ. ಗಲ್ಲೆಯ ಹಿಂದೆ ಅಡುಗೆ ಸಾಮಾನಿನ ನಡುವೆ ಗಾಜಿನ ಡಬ್ಬಿಯಲ್ಲಿ ಗುರೆಳ್ಳಿತ್ತು. ಮನುಷ್ಯರ ಫಳಿಯ ಮೇಲೆ! "ನೂಗ್" ಅಂದರು ಅವರು. ನಾನು "ಗುರೆಳ್ಳು" ಅಂದೆ. ಅವರಲ್ಲಿ ಅದು ಅಡುಗೆಯ ಎಣ್ಣೆಕಾಳು, ಉಪವಾಸದ ದಿನ ಹುರಿದು ಅರೆದು ನೀರಲ್ಲಿ ಕಲಸಿ ಕುಡಿಯುತ್ತಾರಂತೆ. ಗುರೆಳ್ಳಿನ ತವರು ಇಥಿಯೋಪಿಯದ ಬೆಟ್ಟಸೀಮೆ. ಜೋಳವನ್ನು ಮನುಷ್ಯ ಮೊದಲು ಬೆಳೆಗೆ ತಂದದ್ದೂ ಆಫ್ರಿಕಾದ ಆ ಈಶಾನ್ಯ ಭಾಗದಲ್ಲೇ. ಸಾವಿರಾರು ವರ್ಷದ ಹಿಂದೆ ಅವು ನಮ್ಮ ಎರೆಭೂಮಿಗೆ ಬಂದವು. ರೊಟ್ಟಿಯೂ ಹಿಂಡಿಯೂ ಅವರ ನಾಡಿನ ಬೀಜದ್ದು ಎಂದು ಅಳಿಯ ಹೇಳಿದಾಗ ಅವರು ಗಲ್ಲೆ ಸುತ್ತಿ ಬಂದು ನನ್ನ ಕೈ ಹಿಡಿದರು. ದುಡ್ಡು ತೆಗೆದುಕೊಳ್ಳದೆ ಒಂದು ಪೊಟ್ಟಣ ಕಟ್ಟಿ ಕೊಟ್ಟರು. ಅದರ ಹಿಂಡಿ ನನ್ನಾಕಿ ಅಂದೇ ಕುಟ್ಟಿದಳು. ಮರುವಾರ ಒಂದು ಡಬ್ಬಿ ಅವರಿಗೂ ಮುಟ್ಟಿಸಿದೆವು.

ಡಿಸೆಂಬರಿನಲ್ಲಿ ಸುರೇಬಾನಕ್ಕೆ ಬಂದು ಅಂಗಡಿಯಲ್ಲಿ ಕೂತಾಗ ನನ್ನ ಫಳಿಗಳನ್ನೇ ಪರದೇಶದವನ ಹಾಗೆ ನೋಡಿದೆ. ಪಾಮ್ ಎಣ್ಣೆ ಇಂಡೋನೇಷ್ಯ, ಮಲೇಷ್ಯದ್ದು. ಸೋಯಾ ಎಣ್ಣೆ ಅರ್ಜೆಂಟೀನ, ಬ್ರೆಜಿಲ್‌ನದು. ಸೂರ್ಯಕಾಂತಿ ಉಕ್ರೇನ್, ರಷ್ಯಾದ್ದು. ತೊಗರಿಬೇಳೆಯಲ್ಲಿ ಕಲಬುರಗಿಯದರ ಜೊತೆ ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯದ್ದೂ ಇರುತ್ತದೆ. 2016ರಲ್ಲಿ ನಮ್ಮ ಸರಕಾರ ಮೊಜಾಂಬಿಕ್ ಜೊತೆ ಬೇಳೆಕಾಳು ತರಿಸುವ ಒಪ್ಪಂದ ಮಾಡಿಕೊಂಡಿತು. ದೇಶ ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಇದರ ಬಿಸಿ ನಮಗೆ 2022ರಲ್ಲಿ ತಟ್ಟಿತು. ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ, ಏಪ್ರಿಲ್ 28ರಿಂದ ಮೇ 23ರ ತನಕ ಇಂಡೋನೇಷ್ಯದಿಂದ ಪಾಮ್ ಎಣ್ಣೆಯ ರಫ್ತು ಬಂದ್. ಎಣ್ಣೆ ಪಾಕೀಟಿನ ಬೆಲೆ ಕೇಳಿ ಕೂಲಿಯ ಹೆಣ್ಣುಮಗಳು ಪಾಕೀಟನ್ನು ವಾಪಸು ಫಳಿಯ ಮೇಲಿಟ್ಟು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಮೆರಿಕದಲ್ಲಿ ಕುಸುಬಿ ಹಕ್ಕಿಯ ಫಳಿಯಲ್ಲಿತ್ತು. ನನ್ನ ಅಂಗಡಿಯಲ್ಲಿ ಅದು ಯಾವ ಫಳಿಯಲ್ಲೂ ಇರಲಿಲ್ಲ. ಮಲಪ್ರಭೆಯ ನೀರು ಹರಿದ ಕಡೆ ಕಬ್ಬು, ಗೋವಿನಜೋಳ ಬಂದವು. ಒಣಭೂಮಿಯಲ್ಲೂ ಜೋಳದ ಸಾಲಿನ ನಡುವೆ ಕುಸುಬಿ ಅಕ್ಕಡಿ ಬಿತ್ತುವುದು ಕಡಿಮೆಯಾಯಿತು. ಮುಳ್ಳಿನ ಗಿಡ ಕೊಯ್ಯಲು ಆಳು ಸಿಗುವುದಿಲ್ಲ. ಗಾಣಗಳು ನಿಂತವು. ಇದರಲ್ಲಿ ನಮ್ಮಂಥ ಅಂಗಡಿಯವರ ಪಾಲೂ ಇದೆ. ಪಾಕೀಟಿನ ಎಣ್ಣೆ ಇಡುವುದು ಸಲೀಸು ಎಂದು ಇಟ್ಟೆವು, ಗಾಣದವನಿಂದ ತರುವುದನ್ನು ಬಿಟ್ಟೆವು. ಈಗ ಮಗನಿಗೆ ಹೇಳಿ ಗಲ್ಲೆಯ ಎದುರಿನ, ಕಣ್ಣಿನ ಎತ್ತರದ ಫಳಿಯನ್ನು ಖಾಲಿ ಮಾಡಿಸಿದ್ದೇನೆ. ಅಲ್ಲಿದ್ದ ಬಣ್ಣದ ಕುರುಕಲು ತಿಂಡಿಯ ಪಾಕೀಟು ಕೆಳಕ್ಕೆ ಇಳಿದವು. ಗುರೆಳ್ಳು, ಅಗಸಿ, ಜವೆಗೋಧಿ ಗಾಜಿನ ಭರಣಿಯಲ್ಲಿ ಕೂತಿವೆ. ಗಾಣದ ಕುಸುಬಿ ಎಣ್ಣೆ ದೂರದಿಂದ ತರಿಸಿ ಹತ್ತು ಬಾಟಲಿ ಇಟ್ಟೆ, ಆರು ಹೋಗಿವೆ.

ಜನವರಿ ಮೊದಲ ವಾರ, ಎಳ್ಳಮಾಸಿ ಎದುರಿಗಿತ್ತು. ಚರಗ ಚೆಲ್ಲುವ ಮನೆಗಳಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಹಿಂಡಿಯ ಸಡಗರ. ಸಂಜೆ ಏಳೂವರೆಗೆ ಒಬ್ಬ ಹೆಣ್ಣುಮಗಳಿಗೆ ಗುರೆಳ್ಳು ತೂಗುತ್ತಿದ್ದಾಗ ಮಗಳ ವಿಡಿಯೊ ಕರೆ ಬಂತು. ಅಲ್ಲಿ ಬೆಳಗಿನ ಎಂಟು, ಹಿತ್ತಿಲ ತುಂಬ ಹಿಮ. ನಾನು ಬರುವ ಮುಂದೆ ಕಟ್ಟಿ ಬಂದ ಕೊಳವೆಗೆ ನಾಲ್ಕು ಹಕ್ಕಿ ಜೋತುಬಿದ್ದಿದ್ದವು. ಚಳಿಗಾಲಕ್ಕೆ ಹಳದಿ ಬಣ್ಣ ಕಳೆದು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಫೋನನ್ನು ಆ ಹೆಣ್ಣುಮಗಳಿಗೆ ತೋರಿಸಿ, ಅವು ತಿನ್ನುತ್ತಿರುವುದು ನಮ್ಮ ಗುರೆಳ್ಳೇ ನೋಡವಾ ಅಂದೆ.

ಆಕೆ ಬಹಳ ಹೊತ್ತು ನೋಡಿದಳು. "ಅಷ್ಟ ದೂರ ಹೋಗಿ ಹಕ್ಕೀಗೆ ಉಣ್ಣಾಕ ಆತೇನ್ರಿ," ಅಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಹತ್ತು ರೂಪಾಯಿ ತೆಗೆದಳು. "ಇನ್ನೂ ಒಂದ್ ಸ್ವಲ್ಪ ಹಾಕ್ರಿ. ನಮ್ಮ ಮಾಳಿಗಿ ಮ್ಯಾಲೂ ಗುಬ್ಬಿ ಬರತಾವ."